2030ಕ್ಕೆ ವಿಶ್ವ ಸರ್ಕಾರ ಬರುತ್ತಂತೆ, ತೋಟ ಮಾರಿಬಿಡಲೇ?

ಪ್ರಶ್ನೆ: ಸರ್, ನಾನು ಪೊನ್ನಂಪೇಟೆ ಕಡೆಯವನು. ಒಂಬತ್ತು ಎಕರೆ ರೋಬಸ್ಟಾ ತೋಟ ಇದೆ. ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ, ಸ್ವಲ್ಪ ಗದ್ದೆಯೂ ಇದೆ. ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಭಾವ ದಿನಾ ವಿಡಿಯೋ ಹಾಕುತ್ತಾರೆ. 2030ರೊಳಗೆ ಇಡೀ ಜಗತ್ತಿಗೆ ಒಂದೇ ಸರ್ಕಾರ, ಒಂದೇ ಧರ್ಮ ಬರುತ್ತಂತೆ. ಯಾರಿಗೂ ಸ್ವಂತ ಜಮೀನು ಇರುವುದಿಲ್ಲವಂತೆ. ಯುನೆಸ್ಕೋ ನಮ್ಮ ಕಾಡನ್ನು ತೆಗೆದುಕೊಂಡಿದ್ದು ಮೊದಲ ಹೆಜ್ಜೆ, ಯುರೋಪಿನವರು ತೋಟದ ಜಿಪಿಎಸ್ ಕೇಳುತ್ತಿರುವುದು ಎರಡನೆಯದು, ಮುಂದೆ ಮನೆಯ ಕೋವಿ ಹೋಗುತ್ತೆ ಅನ್ನುತ್ತಾರೆ. ಪಕ್ಕದ ತೋಟದ ಕ್ರಿಶ್ಚಿಯನ್ ಗೆಳೆಯರು ಇದೆಲ್ಲ ಬೈಬಲ್‌ನಲ್ಲೇ ಇದೆ ಅನ್ನುತ್ತಾರೆ. ಒಬ್ಬರು ಖಿಲಾಫತ್, ಅಂದರೆ ಮುಸ್ಲಿಮರ ಪರಮಗುರು ಖಲೀಫರ ಆಳ್ವಿಕೆ ಬರುತ್ತೆ ಅಂತಾರೆ. ಇನ್ನೊಬ್ಬರು ಭಾರತವೇ ವಿಶ್ವಗುರುವಾಗಿ ಎಲ್ಲರನ್ನೂ ಆಳುತ್ತೆ ಅಂತಾರೆ. ಈ ಮಧ್ಯೆ ಒಬ್ಬ ಬ್ರೋಕರ್ ಬಂದು, 'ಈಗಲೇ ಮಾರಿ, ಆಮೇಲೆ ಕಾಸೂ ಸಿಗಲ್ಲ' ಅಂತಿದ್ದಾನೆ. ಮಗಳು ನಗುತ್ತಾಳೆ. ನನಗೆ ನಿದ್ದೆ ಬರುತ್ತಿಲ್ಲ. ಇದರಲ್ಲಿ ನಿಜ ಎಷ್ಟು?

ಉತ್ತರ: ಮೊದಲು ನಿಮ್ಮ ನಿದ್ದೆಗೆ ಬೇಕಾದ ಉತ್ತರ ಹೇಳಿಬಿಡುತ್ತೇನೆ. ವಿಶ್ವ ಸರ್ಕಾರ ಬರುತ್ತದೆ ಎಂಬ ಕಾರಣಕ್ಕೆ ಒಂದು ಸೆಂಟ್ ಜಾಗವನ್ನೂ ಮಾರಬೇಡಿ. ಬೇರೆ ಕಾರಣ ಇದ್ದರೆ ಅದು ಬೇರೆ ಲೆಕ್ಕ.

ಮಗಳು ನಗಲಿ, ಆದರೆ ನಿಮ್ಮ ಪ್ರಶ್ನೆ ನಗುವಂಥದ್ದಲ್ಲ. ರಾಜ್ಯಶಾಸ್ತ್ರ ಪಾಠ ಮಾಡಿಕೊಂಡು ಬಂದವನು ನಾನು. ಇದೇ ಪ್ರಶ್ನೆಯನ್ನು ವಿದ್ಯಾರ್ಥಿಗಳ ಅಪ್ಪಂದಿರು ಎಷ್ಟೋ ಸಲ ಕೇಳಿದ್ದಾರೆ. ನಿಮ್ಮ ಪತ್ರದಲ್ಲಿ ನಾಲ್ಕೈದು ಭಯಗಳು ಒಂದಕ್ಕೊಂದು ಗಂಟು ಬಿದ್ದಿವೆ. ಕೆಲವು ಪೂರ್ತಿ ಸುಳ್ಳು. ಕೆಲವು ನಿಜ, ಆದರೆ ಅದಕ್ಕೆ ಕಾರಣ ಅಂತ ಬೆರಳು ತೋರಿಸಿರುವ ಕಡೆ ತಪ್ಪಾಗಿದೆ.

ವಿಶ್ವಸಂಸ್ಥೆಯಿಂದ ಶುರು ಮಾಡೋಣ. ಯಾಕಂದ್ರೆ ಎಲ್ಲ ವಿಡಿಯೋಗಳೂ ಅಲ್ಲಿಗೇ ಹೋಗಿ ನಿಲ್ಲುತ್ತವೆ. ಅದರ ಸನ್ನದು ಜಾರಿಗೆ ಬಂದದ್ದು 1945ರ ಅಕ್ಟೋಬರ್ 24ರಂದು. ಆಗ 51 ದೇಶಗಳಿದ್ದವು, ಈಗ 193 ಇವೆ. ಅದಕ್ಕೆ ಸ್ವಂತ ಸೈನ್ಯ ಇಲ್ಲ. ಬೇಕಾದಾಗ ದೇಶಗಳನ್ನು ಕೇಳಿ ಪಡೆಯಬೇಕು. ತೆರಿಗೆ ಹಾಕುವ ಅಧಿಕಾರ ಇಲ್ಲ. ಯಾವ ದೇಶದ ಒಳಗಿನ ವಿಷಯಕ್ಕೂ ತಲೆ ಹಾಕುವಂತಿಲ್ಲ ಎಂದು ಸನ್ನದಿನ ಎರಡನೇ ವಿಧಿಯೇ ಹೇಳುತ್ತದೆ. ಅದಕ್ಕಿರುವ ಒಂದು ವಿನಾಯಿತಿ ಎಂದರೆ ಭದ್ರತಾ ಮಂಡಳಿಯ ಬಲವಂತದ ಕ್ರಮ. ಅಲ್ಲಿ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಈ ಐದರಲ್ಲಿ ಒಬ್ಬರು ಬೇಡ ಅಂದರೂ ಕಥೆ ಮುಗಿಯಿತು. ಇನ್ನು ದುಡ್ಡು. 2025ರಲ್ಲಿ ಅದರ ಸಾಮಾನ್ಯ ಬಜೆಟ್ ಸುಮಾರು 372 ಕೋಟಿ ಡಾಲರ್. ನಮ್ಮ ಕರ್ನಾಟಕ ಸರ್ಕಾರದ 2025-26ರ ಬಜೆಟ್ 4 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಇಡೀ ಜಗತ್ತನ್ನು ನುಂಗುತ್ತದೆ ಎನ್ನುವ ಸಂಸ್ಥೆಯ ಬಜೆಟ್ ವಿಧಾನಸೌಧದ ಬಜೆಟ್ಟಿನ ಹತ್ತನೇ ಒಂದು ಭಾಗವೂ ಇಲ್ಲ. ಶಾಂತಿಪಾಲನಾ ಪಡೆಗಳ ಖರ್ಚು ಸೇರಿಸಿದರೂ ಕಾಲು ಭಾಗ ಮುಟ್ಟುವುದಿಲ್ಲ.

ವಿಶ್ವಸಂಸ್ಥೆಯ ಕೈ ಎಷ್ಟು ಉದ್ದ ಎಂದು ತಿಳಿಯಲು ನೀವು ನ್ಯೂಯಾರ್ಕಿಗೆ ಹೋಗಬೇಕಿಲ್ಲ. ಮಡಿಕೇರಿಯ ಸನ್ನಿಸೈಡ್‌ಗೆ ಹೋದರೆ ಸಾಕು. ಜನರಲ್ ತಿಮ್ಮಯ್ಯ ಅವರ ಆ ಮನೆ ಈಗ ವಸ್ತುಸಂಗ್ರಹಾಲಯ. ಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ 1964ರಲ್ಲಿ ಅವರು ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಕಮಾಂಡರ್ ಆದರು. 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ದ್ವೀಪದಲ್ಲಿ ನಡೆಯುತ್ತಿದ್ದುದು ಏನು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ನಿಮ್ಮ ಪ್ರಶ್ನೆಗೆ ಬೇಕಾದದ್ದು ಅದೇ.

ಸೈಪ್ರಸ್‌ನಲ್ಲಿ ಗ್ರೀಕ್ ಭಾಷೆಯ ಆರ್ಥೊಡಾಕ್ಸ್ ಕ್ರಿಶ್ಚಿಯನ್ನರು ಜಾಸ್ತಿ, ಟರ್ಕಿ ಭಾಷೆಯ ಮುಸ್ಲಿಮರು ಕಡಿಮೆ. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಮೊದಲ ಅಧ್ಯಕ್ಷರಾದವರು ಮಕಾರಿಯೋಸ್. ಅವರು ರಾಜಕಾರಣಿ ಮಾತ್ರ ಆಗಿರಲಿಲ್ಲ, ಅಲ್ಲಿನ ಚರ್ಚಿನ ಆರ್ಚ್‌ಬಿಷಪ್ ಕೂಡ ಆಗಿದ್ದರು. ಆಟೊಮನ್ ಸುಲ್ತಾನರ ಕಾಲದಿಂದಲೂ ಆ ಸಮುದಾಯಕ್ಕೆ ಆರ್ಚ್‌ಬಿಷಪ್ಪೇ ಮುಖಂಡ. ಹಾಗಾಗಿ ಗ್ರೀಕರಿಗೆ ಇದು ಸಹಜವಾಗಿ ಕಂಡಿತು. ಆದರೆ ಟರ್ಕಿ ಭಾಷೆಯವನ ಜಾಗದಲ್ಲಿ ನಿಂತು ಯೋಚಿಸಿ. ಅಧ್ಯಕ್ಷರ ಒಂದು ನೀತಿಯನ್ನು ನೀವು ಒಪ್ಪುವುದಿಲ್ಲ. ಆ ಅಧ್ಯಕ್ಷರು ಇನ್ನೊಂದು ಧರ್ಮದ ಗುರು. ನಿಮ್ಮ ವಿರೋಧವನ್ನು ಜನ ರಾಜಕೀಯ ಎಂದು ನೋಡುತ್ತಾರೋ, ಧರ್ಮದ್ವೇಷ ಎಂದು ನೋಡುತ್ತಾರೋ? ಜಗಳಕ್ಕೆ ಬೇರೆ ಕಾರಣಗಳೂ ಬೇಕಾದಷ್ಟಿದ್ದವು. ಗ್ರೀಸ್ ದೇಶಕ್ಕೆ ಸೇರಬೇಕೆಂಬ ಹಟ, ಟರ್ಕಿಯ ಲೆಕ್ಕಾಚಾರ, ಬ್ರಿಟಿಷರ ನೆಲೆಗಳು. ಆದರೂ ಒಂದೇ ಕುರ್ಚಿಯಲ್ಲಿ ಎರಡು ಅಧಿಕಾರ ಕೂತದ್ದರಿಂದ ಸಂಧಾನಕ್ಕೆ ಇದ್ದ ಜಾಗ ಇನ್ನೂ ಕಿರಿದಾಯಿತು ಎಂಬುದು ನನ್ನ ಅಭಿಪ್ರಾಯ.

1963ರ ಡಿಸೆಂಬರ್‌ನಲ್ಲಿ ಹೊಡೆದಾಟ ಶುರುವಾಯಿತು. ಮರುವರ್ಷ ವಿಶ್ವಸಂಸ್ಥೆಯ ಪಡೆ ಬಂತು. ತಿಮ್ಮಯ್ಯನವರಂಥ ಸಮರ್ಥರು ನಡುವೆ ನಿಂತು ಎರಡೂ ಕಡೆಯವರನ್ನು ಸಮಾಧಾನ ಮಾಡಿದರು. ಸುಮ್ಮನಿರಿ ಎಂದು ಹೇಳಬಹುದಿತ್ತು, ಆಳುವ ಹಾಗಿರಲಿಲ್ಲ. 1974ರ ಜುಲೈಯಲ್ಲಿ ಮಕಾರಿಯೋಸ್ ವಿರುದ್ಧ ಕ್ಷಿಪ್ರಕ್ರಾಂತಿ ನಡೆಯಿತು. ಐದೇ ದಿನಕ್ಕೆ ಟರ್ಕಿಯ ಸೈನ್ಯ ಬಂದು ಇಳಿಯಿತು. ವಿಶ್ವಸಂಸ್ಥೆಯ ಪಡೆ ಅಲ್ಲೇ ಇತ್ತು, ತಡೆಯಲಾಗಲಿಲ್ಲ. ದ್ವೀಪ ಇವತ್ತಿಗೂ ಎರಡು ಹೋಳು. ಆ ಪಡೆ ಇವತ್ತಿಗೂ ಅಲ್ಲೇ ಗೆರೆ ಕಾಯುತ್ತಿದೆ. ನಮ್ಮ ಕೊಡಗಿನ ಎರಡರಷ್ಟೇ ಇರುವ ಒಂದು ದ್ವೀಪವನ್ನು ಅರವತ್ತು ವರ್ಷದಲ್ಲಿ ಒಂದು ಮಾಡಲಾಗದವರು ನಾಲ್ಕೈದು ವರ್ಷದಲ್ಲಿ ಜಗತ್ತನ್ನು ಒಂದು ಮಾಡುತ್ತಾರೆ ಎಂದರೆ ಹೇಗೆ ನಂಬುವುದು, ಹೇಳಿ?

ಹಾಗಾದರೆ ಈ ಕಥೆ ಎಲ್ಲಿಂದ ಬಂತು? ನಿಮ್ಮ ಕ್ರಿಶ್ಚಿಯನ್ ಗೆಳೆಯರು ಹೇಳುವುದು ಬೈಬಲ್‌ನಲ್ಲಿ ಇರುವುದು ಹೌದು. ಕೊನೆಯ ಪುಸ್ತಕವಾದ 'ಪ್ರಕಟನೆ'ಯ 13ನೇ ಅಧ್ಯಾಯದಲ್ಲಿ ಎಲ್ಲ ಕುಲ, ಎಲ್ಲ ಜನಾಂಗದ ಮೇಲೆ ಅಧಿಕಾರ ಪಡೆಯುವ ಒಂದು ಮೃಗ ಬರುತ್ತದೆ. ಅದರ ಗುರುತನ್ನು ಬಲಗೈಯಲ್ಲೋ ಹಣೆಯಲ್ಲೋ ಹಾಕಿಸಿಕೊಳ್ಳದವರು ಏನನ್ನೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ. 666 ಎಂಬ ಸಂಖ್ಯೆಯೂ ಅಲ್ಲಿಯದೇ. ಆದರೆ ಅದು ಬರೆದದ್ದು ಒಂದನೇ ಶತಮಾನದಲ್ಲಿ, ರೋಮನ್ ಸಾಮ್ರಾಜ್ಯದ ಕೈಯಲ್ಲಿ ನಲುಗುತ್ತಿದ್ದ ಜನರಿಗಾಗಿ. ಆ ಮೃಗ ಎಂದರೆ ರೋಮ್ ಎಂದೇ ಬಹಳಷ್ಟು ವಿದ್ವಾಂಸರು ಓದುತ್ತಾರೆ. ಅದನ್ನು ಮುಂದೆ ಬರುವ ವಿಶ್ವ ಸರ್ಕಾರದ ವೇಳಾಪಟ್ಟಿ ಎಂದು ಓದುವ ರೂಢಿ ಜೋರಾದದ್ದು 19ನೇ ಶತಮಾನದ ಬ್ರಿಟನ್‌ನಲ್ಲಿ, ಆಮೇಲೆ ಅಮೆರಿಕದಲ್ಲಿ. ಬಾರ್‌ಕೋಡ್ ಬಂದಾಗ ಅದೇ ಗುರುತು ಅಂದರು. ಈಗ ಜಿಪಿಎಸ್ ಸರದಿ.

ಇದರ ಜೊತೆ ಇನ್ನೊಂದು ಕೊಳಕು ನೀರು ಸೇರಿದೆ. 1903ರಲ್ಲಿ ರಷ್ಯಾದಲ್ಲಿ ಒಂದು ಸುಳ್ಳು ದಸ್ತಾವೇಜು ಅಚ್ಚಾಯಿತು. ಯೆಹೂದಿಗಳು ಗುಟ್ಟಾಗಿ ಸೇರಿ ಜಗತ್ತನ್ನು ಆಳಲು ಸಂಚು ಮಾಡಿದ್ದಾರೆ ಎಂದು ಅದು ಹೇಳುತ್ತಿತ್ತು. ಅದು ಬೇರೆ ಪುಸ್ತಕದಿಂದ ಕದ್ದು ತಿರುಚಿದ್ದು ಎಂದು 1921ರಲ್ಲೇ ಲಂಡನ್ನಿನ ಪತ್ರಿಕೆಯೊಂದು ಸಾಲು ಸಾಲು ಎದುರಿಟ್ಟು ತೋರಿಸಿತು. ಆದರೂ ಹಿಟ್ಲರನ ಜನ ಅದನ್ನೇ ಹಂಚಿದರು. ನಿಮ್ಮ ಭಾವ ಕಳಿಸುವ ವಿಡಿಯೋಗಳಲ್ಲಿ ಯೆಹೂದಿಗಳ ಹೆಸರು ಇಲ್ಲದಿರಬಹುದು. 'ಕೆಲವೇ ಕುಟುಂಬಗಳು ಗುಟ್ಟಾಗಿ ಎಲ್ಲವನ್ನೂ ನಡೆಸುತ್ತವೆ' ಎಂಬ ಸಾಲು ಬಂದರೆ ಅದರ ಹಳೆಯ ಮನೆ ಯಾವುದು ಅಂತ ನೆನಪಿರಲಿ. ಯಾರದೋ ಸಾವಿಗೆ ಕಾರಣವಾದ ಕಥೆ ಅದು.

ಇನ್ನು 'ನಿಮಗೆ ಸ್ವಂತದ್ದು ಏನೂ ಇರುವುದಿಲ್ಲ' ಎಂಬ ಮಾತು. ಅದು 2016ರಲ್ಲಿ ಡೆನ್ಮಾರ್ಕಿನ ಒಬ್ಬ ರಾಜಕಾರಣಿ 2030ರ ನಗರವನ್ನು ಕಲ್ಪಿಸಿಕೊಂಡು ಬರೆದ ಲೇಖನದಿಂದ ಬಂದದ್ದು. ದಾವೋಸ್‌ನಲ್ಲಿ ಶ್ರೀಮಂತರು, ಮಂತ್ರಿಗಳು ಸೇರುವ ವೇದಿಕೆ ಅದನ್ನು ಪ್ರಕಟಿಸಿತು. ಇದು ತನ್ನ ಆಸೆಯ ಜಗತ್ತಲ್ಲ ಎಂದು ಬರೆದವರೇ ಆಮೇಲೆ ಹೇಳಿದರು. ಆ ವೇದಿಕೆ ಖಾಸಗಿ ಸಂಸ್ಥೆ, ಕಾನೂನು ಮಾಡುವ ಅಧಿಕಾರ ಅದಕ್ಕಿಲ್ಲ. ವಿಶ್ವಸಂಸ್ಥೆಯ 2030ರ ಕಾರ್ಯಸೂಚಿಯೇ ಬೇರೆ. 2015ರಲ್ಲಿ ಒಪ್ಪಿದ 17 ಗುರಿಗಳು, ಹಸಿವು, ನೀರು, ಶಾಲೆ ಈ ಥರದ್ದು. ಮಾಡದಿದ್ದರೆ ಶಿಕ್ಷೆ ಇಲ್ಲ. ನಿಜ ಹೇಳಬೇಕೆಂದರೆ ಬಹಳ ದೇಶಗಳು ಮಾಡುತ್ತಲೂ ಇಲ್ಲ. ಎರಡನ್ನೂ ಕಲಸಿದ್ದು ವಾಟ್ಸಾಪ್.

ವಿಶ್ವ ಸರ್ಕಾರದ ಯೋಚನೆ ಎಂದರೆ ಬರೀ ಸಂಚು ಅಂತಲೂ ತಿಳಿಯಬೇಡಿ. ಎರಡು ಮಹಾಯುದ್ಧ, ಅಣುಬಾಂಬು ಕಂಡವರು ಅದನ್ನು ಗಂಭೀರವಾಗಿಯೇ ಬಯಸಿದರು. ಐನ್‌ಸ್ಟೈನ್ ಬಯಸಿದರು. 1942ರ ಆಗಸ್ಟ್ 8ರ ಕ್ವಿಟ್ ಇಂಡಿಯಾ ನಿರ್ಣಯದಲ್ಲೇ, ಸ್ವತಂತ್ರ ದೇಶಗಳ ಒಂದು ವಿಶ್ವ ಒಕ್ಕೂಟ ಬೇಕು ಎಂಬ ಮಾತಿದೆ. ನಮ್ಮ ಹಿರಿಯರು ಬ್ರಿಟಿಷರನ್ನು ಓಡಿಸುವ ಉಸಿರಲ್ಲೇ ಅದನ್ನೂ ಹೇಳಿದರು. ಇದಕ್ಕೆ ಎದುರು ವಾದವೂ ಹಳೆಯದೇ. ಇಡೀ ಭೂಮಿಗೆ ಒಂದೇ ರಾಜ್ಯವಾದರೆ ಅದು ಜೀವ ಇಲ್ಲದ ದಬ್ಬಾಳಿಕೆಯಾಗುತ್ತದೆ, ಸ್ವತಂತ್ರ ರಾಜ್ಯಗಳ ಒಕ್ಕೂಟ ಸಾಕು ಎಂದು ಜರ್ಮನಿಯ ತತ್ವಜ್ಞಾನಿ ಕಾಂಟ್ 1795ರಲ್ಲೇ ಬರೆದಿದ್ದ. ನಾನು ಕಾಂಟ್ ಪಕ್ಷ. ಊರಿನ ಸರ್ಕಾರ ಕೆಟ್ಟರೆ ಪಕ್ಕದ ದೇಶಕ್ಕೆ ಓಡಿಹೋಗಬಹುದು. ಜಗತ್ತಿಗೇ ಒಂದು ಸರ್ಕಾರ ಆಗಿ ಅದೂ ಕೆಟ್ಟರೆ ಎಲ್ಲಿಗೆ ಓಡುವುದು?

ಒಂದೇ ಧರ್ಮದ ಭಯಕ್ಕೆ ಬರೋಣ. ಇಡೀ ಜಗತ್ತು ನನ್ನದು ಅಂದ ಧರ್ಮಗಳಿಗೆ ತಮ್ಮ ಒಂದು ಪೀಠವನ್ನೇ ಒಂದಾಗಿ ಇಟ್ಟುಕೊಳ್ಳಲು ಆಗಿಲ್ಲ. 10ನೇ ಶತಮಾನದಲ್ಲಿ ಬಾಗ್ದಾದ್, ಉತ್ತರ ಆಫ್ರಿಕಾ, ಸ್ಪೇನ್, ಹೀಗೆ ಒಂದೇ ಕಾಲಕ್ಕೆ ಮೂವರು ಖಲೀಫರಿದ್ದರು. 15ನೇ ಶತಮಾನದ ಆರಂಭದಲ್ಲಿ ಒಂದೇ ಕಾಲಕ್ಕೆ ಮೂವರು ಪೋಪ್ ಎಂದು ಹೇಳಿಕೊಳ್ಳುತ್ತಿದ್ದರು. ಎಲ್ಲ ಮನುಷ್ಯರೂ ಪೋಪನಿಗೆ ಅಧೀನ ಎಂದು 1302ರಲ್ಲಿ ಘೋಷಿಸಿದ ಪೋಪ್‌ನನ್ನು ಮರುವರ್ಷವೇ ಫ್ರಾನ್ಸ್ ರಾಜನ ಕಡೆಯವರು ಹಿಡಿದು ಅವಮಾನ ಮಾಡಿದರು. ಇವತ್ತು ಪೋಪ್ ಆಳುವ ವ್ಯಾಟಿಕನ್ ಸುಮಾರು 109 ಎಕರೆ. ಸಿದ್ದಾಪುರದ ಕಡೆ ಅದಕ್ಕಿಂತ ದೊಡ್ಡ ಎಸ್ಟೇಟ್‌ಗಳಿವೆ. ಖಿಲಾಫತ್ತನ್ನು 1924ರ ಮಾರ್ಚ್ 3ರಂದು ರದ್ದು ಮಾಡಿದ್ದು ಹೊರಗಿನವರಲ್ಲ, ಟರ್ಕಿಯ ಸಂಸತ್ತೇ. ನಮ್ಮ ಅಕ್ಬರ್ ಚಕ್ರವರ್ತಿ ಎಲ್ಲ ಧರ್ಮಗಳ ಒಳ್ಳೆಯದನ್ನು ಸೇರಿಸಿ ದೀನ್-ಇಲಾಹಿ ಮಾಡಿದಾಗ ಸೇರಿದವರು ಬೆರಳೆಣಿಕೆಯಷ್ಟು ಜನ. ಸಿಂಹಾಸನದ ಬಲ ಇದ್ದೇ ಅಷ್ಟು. ಅಬುಧಾಬಿಯಲ್ಲಿ 2023ರಲ್ಲಿ ತೆರೆದ ಕಟ್ಟಡಗಳನ್ನು ತೋರಿಸಿ 'ಒಂದೇ ಧರ್ಮ ಶುರುವಾಯ್ತು' ಎನ್ನುವ ವಿಡಿಯೋ ನನಗೂ ಬಂದಿದೆ. ಅಲ್ಲಿರುವುದು ಒಂದು ಮಸೀದಿ, ಒಂದು ಚರ್ಚ್, ಒಂದು ಯೆಹೂದಿ ಮಂದಿರ. ಮೂರೂ ಬೇರೆ ಬೇರೆ, ಅಕ್ಕಪಕ್ಕ. ಅದನ್ನು ನೋಡಲು ವಿರಾಜಪೇಟೆ ಸಾಕಲ್ವಾ? ವಿಶ್ವಗುರುವಾಗಿ ಭಾರತ ಎಲ್ಲರನ್ನೂ ಆಳುತ್ತದೆ ಎನ್ನುವವರಿಗೂ ಇದೇ ಉತ್ತರ. ಹೆಸರು ಬದಲಾದರೂ ಆಸೆ ಅದೇ.

ಕುಲದ ಮೂಲ ಮನೆಯಾದ ಐನ್‌ಮನೆಗೆ, ಅಲ್ಲಿ ಪೂಜಿಸುವ ಹಿರಿಯರಾದ ಗುರುಕಾರಣರಿಗೆ, ಕೈಲ್‌ಪೊಳ್ದ್, ಹುತ್ತರಿ ಹಬ್ಬಗಳಿಗೆ ವಿಶ್ವಸಂಸ್ಥೆಯ ಜಿನೀವಾ ಕಚೇರಿಯಿಂದ ಅಪಾಯ ಇಲ್ಲ. ಧರ್ಮ ಮತ್ತು ಅಧಿಕಾರದ ವ್ಯವಹಾರ ಯಾವಾಗಲೂ ಹತ್ತಿರದಲ್ಲೇ ನಡೆಯುತ್ತದೆ. ನಮ್ಮದೇ ಇತಿಹಾಸ ನೋಡಿ. ಹಾಲೇರಿ ಅರಸರು ವೀರಶೈವರು, ಆಳಿದ ಜನರಲ್ಲಿ ಹೆಚ್ಚಿನವರು ಬೇರೆ ದೈವ, ಬೇರೆ ಪದ್ಧತಿಯವರು. ಅವರಲ್ಲೇ ಒಬ್ಬರಾದ ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ವಿರಾಜಪೇಟೆಯಲ್ಲಿ ಕ್ರಿಶ್ಚಿಯನ್ನರಿಗೆ ಜಾಗ ಕೊಟ್ಟರು. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ಹಿಡಿದಾಗ ಹೊರಡಿಸಿದ ಘೋಷಣೆಯಲ್ಲಿ, ನಿಮ್ಮ ಧಾರ್ಮಿಕ ಪದ್ಧತಿಗಳನ್ನು ಗೌರವಿಸುತ್ತೇವೆ ಎಂದು ಮಾತು ಕೊಟ್ಟರು. ಭಕ್ತಿಯಿಂದಲ್ಲ, ಆಳಲು ಸುಲಭವಾಗಲಿ ಎಂದು. ಪದಚ್ಯುತ ಚಿಕ್ಕವೀರರಾಜ ಇಂಗ್ಲೆಂಡಿಗೆ ಹೋಗಿ ತನ್ನ ಆಸ್ತಿಗಾಗಿ ಅಲೆಯುತ್ತಿದ್ದಾಗ ಮಗಳು ಗೌರಮ್ಮ 1852ರಲ್ಲಿ ಕ್ರಿಶ್ಚಿಯನ್ ಆದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಆಸ್ತಿ ಮಾತ್ರ ವಾಪಸ್ ಬರಲಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ಹೊಸ್ತಿಲಲ್ಲೇ ಇದೆ. ಕುಶಾಲನಗರದ ಸೇತುವೆ ದಾಟಿದರೆ ಬೈಲಕುಪ್ಪೆ. ಅಲ್ಲಿನ ಟಿಬೆಟಿಯನ್ನರ ಗುರು ದಲೈ ಲಾಮಾ 2011ರಲ್ಲಿ ತಮ್ಮ ರಾಜಕೀಯ ಅಧಿಕಾರವನ್ನು ಚುನಾಯಿತ ನಾಯಕರಿಗೆ ಬಿಟ್ಟುಕೊಟ್ಟರು. 17ನೇ ಶತಮಾನದಿಂದ ನಡೆದುಬಂದದ್ದನ್ನು ತಾವಾಗಿಯೇ ನಿಲ್ಲಿಸಿದರು. ಗುರುವನ್ನು ಮತ ಹಾಕಿ ಇಳಿಸಲು ಆಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಈಗ ನಿಮ್ಮ ತೋಟಕ್ಕೆ ಬರುತ್ತೇನೆ. ಯುನೆಸ್ಕೋ 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊಡಗಿನಲ್ಲಿ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳು, ಪಾಡಿನಾಲ್ಕುನಾಡು ಮತ್ತು ಕೆರ್ಟಿ ಮೀಸಲು ಅರಣ್ಯ. ಎಲ್ಲವೂ ಮೊದಲೇ ಸರ್ಕಾರಿ ಕಾಡು. ಆ ಒಪ್ಪಂದದಲ್ಲೇ ಆಯಾ ದೇಶದ ಸಾರ್ವಭೌಮತ್ವಕ್ಕೆ, ಆಸ್ತಿ ಹಕ್ಕಿಗೆ ಧಕ್ಕೆ ಇಲ್ಲ ಎಂದು ಬರೆದಿದೆ. ಯುನೆಸ್ಕೋ ಮಾಡಬಹುದಾದ ದೊಡ್ಡ ಶಿಕ್ಷೆ ಎಂದರೆ ಪಟ್ಟಿಯಿಂದ ಹೆಸರು ಹೊಡೆಯುವುದು. ಜರ್ಮನಿಯ ಡ್ರೆಸ್ಡೆನ್‌ನವರು ಸೇತುವೆ ಕಟ್ಟಿದರು, 2009ರಲ್ಲಿ ಹೆಸರು ಹೋಯಿತು. ಸೇತುವೆ ಹಾಗೇ ಇದೆ. ಆದರೆ ನಿಮ್ಮ ಭಾವ ಹೇಳದೇ ಇರುವ ಇನ್ನೊಂದು ವಿಷಯ ಇದೆ. ಪಶ್ಚಿಮ ಘಟ್ಟದ ಬಗೆಗಿನ ಕಸ್ತೂರಿರಂಗನ್ ವರದಿಯ ಮೇಲೆ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಡಿಸುತ್ತಿರುವುದು ದೆಹಲಿಯ ಪರಿಸರ ಸಚಿವಾಲಯ. ಆರನೇ ಕರಡು 2024ರ ಜುಲೈ 31ರಂದು ಬಂತು. ಆಕ್ಷೇಪಣೆಗೆ 60 ದಿನ ಇತ್ತು. ಆ ಅರವತ್ತು ದಿನ ವಿಶ್ವ ಸರ್ಕಾರದ ವಿಡಿಯೋ ನೋಡಿದವರು ಎಷ್ಟು, ಆಕ್ಷೇಪಣೆ ಕಳಿಸಿದವರು ಎಷ್ಟು ಅಂತ ನನಗೆ ಆಗಾಗ ಅನಿಸುತ್ತದೆ.

ಕೋವಿಯದೂ ಅಷ್ಟೇ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಹಕ್ಕಿನ ಜಮೀನು) ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿಶ್ವಸಂಸ್ಥೆಯ 2013ರ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದಕ್ಕೆ ಭಾರತ ಸಹಿಯನ್ನೇ ಹಾಕಿಲ್ಲ. 2029ರಲ್ಲಿ ವಿನಾಯಿತಿ ಮುಗಿಯುವಾಗ ನೀವು ಮಾತಾಡಬೇಕಾದದ್ದು ನಿಮ್ಮ ಸಂಸದರ ಹತ್ತಿರ.

ಯುರೋಪಿನ ಕಾಯ್ದೆ ಮಾತ್ರ ನಿಜವಾದ ವಿಷಯ. 2023ರ ಆ ಕಾಯ್ದೆ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಅದಕ್ಕೆ ತೋಟ ಎಲ್ಲಿದೆ ಎಂಬ ಗುರುತು ಬೇಕು. ಜಾರಿಯ ದಿನಾಂಕವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹಾಕಿದ್ದಾರೆ. ಇದು ನಿಮ್ಮ ಮೇಲೆ ಆಳ್ವಿಕೆ ಅಲ್ಲ, ಕೊಳ್ಳುವವನ ಷರತ್ತು. ಆದರೆ ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರಗೆ ಹೋಗುತ್ತದೆ, ಅದರಲ್ಲೂ ಇಟಲಿ, ಜರ್ಮನಿಗೆ. ಹಾಗಾಗಿ ಷರತ್ತಿಗೂ ಆಳ್ವಿಕೆಗೂ ಅಂಥ ವ್ಯತ್ಯಾಸ ಕಾಣುವುದಿಲ್ಲ ಎಂದು ನಿಮಗೆ ಸಿಟ್ಟು ಬಂದರೆ ಅದು ನ್ಯಾಯವೇ. ನಿಮ್ಮ ಓಟು ಇಲ್ಲದ ಸಂಸತ್ತು ನಿಮ್ಮ ತೋಟದ ಬಗ್ಗೆ ನಿಯಮ ಮಾಡಿದೆ. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದದ ದಾರಿಯಲ್ಲಿ ಬಂದು ನಮ್ಮ ಮೆಣಸಿನ ಬೆಲೆ ಇಳಿಸಿದ ವಿಯೆಟ್ನಾಂ ಮೆಣಸಿನದೂ ಇದೇ ಥರ. ಆ ಒಪ್ಪಂದಕ್ಕೆ ಸಹಿ ಹಾಕಿದ್ದು ನಮ್ಮದೇ ಸರ್ಕಾರ. 2017ರಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ತಂದು ತಡೆಯಲು ನೋಡಿದ್ದೂ ಅದೇ ಸರ್ಕಾರ, ಬೆಳೆಗಾರರು ಗಲಾಟೆ ಮಾಡಿದ ಮೇಲೆ.

ಒಂದು ಹಳೆಯ ಮಾತು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಕಾಫಿಗೆ ಒಂದು ರೀತಿಯ ವಿಶ್ವ ಸರ್ಕಾರ ನಿಜವಾಗಿಯೂ ಇತ್ತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ. ಯಾವ ದೇಶ ಎಷ್ಟು ರಫ್ತು ಮಾಡಬೇಕು ಎಂದು ಲಂಡನ್ನಿನಲ್ಲಿ ಕೂತು ಕೋಟಾ ಹಂಚುತ್ತಿದ್ದರು. 1989ರ ಜುಲೈಯಲ್ಲಿ ದೇಶಗಳು ಜಗಳವಾಡಿ ಅದು ಕುಸಿಯಿತು. ಜಗತ್ತಿನಾದ್ಯಂತ ಬೆಲೆ ಬಿತ್ತು. ಅಂದರೆ ಕಾಫಿ ಬೆಳೆಗಾರನಿಗೆ ದೊಡ್ಡ ಪೆಟ್ಟು ಬಿದ್ದದ್ದು ಜಾಗತಿಕ ವ್ಯವಸ್ಥೆ ಬಂದಾಗ ಅಲ್ಲ, ಇದ್ದದ್ದು ಮುರಿದಾಗ.

ಹಾಗಾದರೆ ಏನು ಮಾಡಬಹುದು? ಜಿಪಿಎಸ್ ಕೊಡುವುದಿಲ್ಲ ಎಂದು ಕೂರಬಹುದು. ಆಗ ಯುರೋಪಿಗೆ ಕಳಿಸುವ ವ್ಯಾಪಾರಿ ನಿಮ್ಮ ಕಾಫಿ ಬಿಡುತ್ತಾನೆ, ಇಲ್ಲವೇ ಬೆಲೆ ಮುರಿಯುತ್ತಾನೆ. ಕೊಡುವುದಾದರೆ ಕಾಫಿ ಬೋರ್ಡ್ ಮೂಲಕವೇ ಕೊಡಿ, ಮನೆಗೆ ಬಂದ ಏಜೆಂಟಿಗೆ ಆಧಾರ್, ಪಹಣಿ ಕೊಡಬೇಡಿ. ಅಂದಹಾಗೆ 4 ಹೆಕ್ಟೇರ್‌ವರೆಗಿನ ತೋಟಕ್ಕೆ ಗಡಿ ಪೂರ್ತಿ ಗುರುತಿಸಬೇಕಿಲ್ಲ, ಒಂದು ಬಿಂದು ಸಾಕು ಎಂದು ಕಾಯ್ದೆ ಹೇಳುತ್ತದೆ. ನಿಮ್ಮ ಒಂಬತ್ತು ಎಕರೆ ಅದರೊಳಗೆ ಬರುತ್ತದೆ. ಎಲ್ಲವನ್ನೂ ನಿರ್ಲಕ್ಷಿಸಿ ಸುಮ್ನೆ ಇರುವುದು ಇನ್ನೊಂದು ದಾರಿ. ಅದರಲ್ಲಿ ನಿದ್ದೆ ಬರುತ್ತದೆ, ಆದರೆ ಮುಂದಿನ ಕರಡಿನ 60 ದಿನವೂ ನಿದ್ದೆಯಲ್ಲೇ ಹೋಗುತ್ತದೆ. ಬೆಳೆಗಾರರ ಸಂಘ, ಗ್ರಾಮಸಭೆ ಇವು ಬೇಸರ ತರಿಸುವ ಜಾಗಗಳು, ಒಪ್ಪುತ್ತೇನೆ. ಆದರೂ ನಿಮ್ಮ ಮಾತು ದಾಖಲಾಗುವುದು ಅಲ್ಲೇ.

ಭಾವನ ಜೊತೆ ಜಗಳ ಬೇಡ. ವಿಡಿಯೋ ಸುಳ್ಳು ಎಂದು ಗ್ರೂಪಿನಲ್ಲಿ ಹೇಳಿದರೆ ಅವರು ಇನ್ನೂ ಗಟ್ಟಿಯಾಗುತ್ತಾರೆ. ಎದುರಿಗೆ ಸಿಕ್ಕಾಗ, ಇದನ್ನು ಯಾರು ಜಾರಿ ಮಾಡುತ್ತಾರೆ, ಯಾವ ಕಚೇರಿ, ಯಾವ ಕಾನೂನು ಅಂತ ಕೇಳಿ. ಕಾನೂನಿನ ಹೆಸರು ಹೇಳಿದರೆ ನಿಜವಾಗಿಯೂ ಹುಡುಕಿ ನೋಡಿ, ಕೆಲವೊಮ್ಮೆ ಅವರು ಸರಿ ಇರಬಹುದು.

ಬ್ರೋಕರ್ ವಿಷಯ ಬೇರೆ. ಇವನು ಹೇಳುವುದು ನಿಜವಾದರೆ ನಾಲ್ಕು ವರ್ಷದಲ್ಲಿ ಬೆಲೆಯೇ ಇಲ್ಲದಾಗುವ ಜಮೀನನ್ನು ಇವನ ಗಿರಾಕಿ ಯಾಕೆ ಕೊಳ್ಳುತ್ತಾನೆ? ಆಳುಗಳ ಕೊರತೆಯೋ, ಆನೆ ಕಾಟವೋ, ಮಕ್ಕಳು ತೋಟಕ್ಕೆ ಬರುವುದಿಲ್ಲ ಎಂಬುದೋ, ಇಂಥ ಕಾರಣಕ್ಕೆ ಮಾರುವ ಯೋಚನೆ ಇದ್ದರೆ ಮನೆಯವರೆಲ್ಲ ಕೂತು ಮಾತಾಡಿ. ಅಕ್ಕಪಕ್ಕದಲ್ಲಿ ಇತ್ತೀಚೆಗೆ ನಡೆದ ಬೆಲೆ ತಿಳಿದುಕೊಳ್ಳಿ. ಪಹಣಿ ಕುಟುಂಬದ ಹಿರಿಯರಾದ ಪಟ್ಟೆದಾರರ ಹೆಸರಿನಲ್ಲಿದ್ದರೆ, ಜಾಗ ಜಮ್ಮಾ ಆಗಿದ್ದರೆ, ಕುಟುಂಬದ ಉಳಿದವರ ಹಕ್ಕು ಏನು ಎಂದು ಜಮೀನು ವ್ಯಾಜ್ಯ ಗೊತ್ತಿರುವ ಸ್ಥಳೀಯ ವಕೀಲರಿಂದ ತಿಳಿಯಿರಿ. ಅಲ್ಲಿಯವರೆಗೆ ಅವನಿಂದ ಅಡ್ವಾನ್ಸ್ ತೆಗೆದುಕೊಳ್ಳಬೇಡಿ, ಯಾವ ಅಗ್ರಿಮೆಂಟಿಗೂ ಸಹಿ ಹಾಕಬೇಡಿ.